ಅಜ್ಜಿಯ ಮಾತು ತಿಳಿಯದ ಟಿವಿ ಯಾವ ಸೀಮೆ ಸ್ಮಾರ್ಟು?

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಬಾಯಿ ತೆರೆಸಿ ಹಲ್ಲು ನೋಡುತ್ತೇವೆ. ಸುಳಿ ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಾರುವವನು ಎಷ್ಟೇ ಹೊಗಳಲಿ, ನಮಗೆ ಸರಿ ಕಾಣುವವರೆಗೆ ಹಗ್ಗ ಹಿಡಿಯುವುದಿಲ್ಲ. ಅದೇ 12 ಸಾವಿರವೋ 15 ಸಾವಿರವೋ ಕೊಟ್ಟು ಸ್ಮಾರ್ಟ್ ಟಿವಿ ತರುವಾಗ ಮಾತ್ರ ಡಬ್ಬಿಯ ಮೇಲಿನ ಸ್ಟಿಕ್ಕರ್ ನೋಡಿ, ಅಂಗಡಿಯ ಹುಡುಗ ಹಾಕಿ ತೋರಿಸಿದ ಬಣ್ಣದ ವಿಡಿಯೊ ನೋಡಿ, ಕಂತು ಕಟ್ಟಲು ಸಹಿ ಹಾಕಿ ಬರುತ್ತೇವೆ.

ಪತ್ರಿಕೋದ್ಯಮ ಓದಿ ಊರಲ್ಲೇ ಇರುವ ನಮಗೆ ದಸರಾ, ದೀಪಾವಳಿ ಬಂತೆಂದರೆ ಫೋನ್ ಮೇಲೆ ಫೋನ್. "ಯಾವ ಟಿವಿ ತಗೊಳ್ಳೋಣ, ನೀವು ಓದಿದೋರು ಹೇಳಿ." ಒಂದೊಂದು ಮನೆಗೂ ಬೇರೆ ಬೇರೆ ಹೇಳುವ ಬದಲು ನಮ್ಮ ಅಭಿಪ್ರಾಯವನ್ನು ಇಲ್ಲೇ ನೇರವಾಗಿ ಬರೆಯುತ್ತಿದ್ದೇವೆ. ಕಡಿಮೆ ಬೆಲೆಯ ಸ್ಮಾರ್ಟ್ ಟಿವಿಯಲ್ಲಿ ಪರದೆ ನಿಮ್ಮದು, 'ಸ್ಮಾರ್ಟು' ಕಂಪನಿಯದು. ಆ ಸ್ಮಾರ್ಟು ನಮ್ಮ ಹಳ್ಳಿಗೆ, ನಮ್ಮ ಭಾಷೆಗೆ, ನಮ್ಮ ನೆಟ್‌ಗೆ ಹೊಂದುವಂತೆ ಮಾಡುವ ಗೋಜಿಗೆ ಕಂಪನಿಗಳು ಹೋಗಿಲ್ಲ. ಆದರೂ ಪೂರ್ತಿ ದುಡ್ಡು ಮಾತ್ರ ಎಣಿಸಿಕೊಳ್ಳುತ್ತಿವೆ. ಇದನ್ನು ನಾವು ಒಪ್ಪಬಾರದು.

ಮೈಕ್ ಗುಂಡಿ ಯಾರಿಗಾಗಿ?

ರಿಮೋಟಿನಲ್ಲಿ ಮೈಕ್ ಗುರುತಿನ ಗುಂಡಿ ಇರುತ್ತದೆ. ಒತ್ತಿ ಮಾತಾಡಿದರೆ ಟಿವಿ ಕೇಳುತ್ತದೆ ಎನ್ನುತ್ತಾರೆ. ಜಾಹೀರಾತಿನಲ್ಲಿ ಅದನ್ನು ಒತ್ತುವವರು ಯಾರು? ಸೋಫಾದ ಮೇಲೆ ಕುಳಿತ, ಇಂಗ್ಲಿಷ್ ಬಲ್ಲ, ಬೇಕಾದರೆ ಟೈಪ್ ಮಾಡಲೂ ಬಲ್ಲ ಹುಡುಗ ಹುಡುಗಿಯರು. ಅವರಿಗೆ ಅದೊಂದು ಆಟದ ಸಾಮಾನು.

ಅದು ನಿಜವಾಗಿ ಬೇಕಿರುವುದು ಓದಲು ಬಾರದವರಿಗೆ. 2011ರ ಜನಗಣತಿಯಂತೆ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 60 ಮಂದಿ ಮಾತ್ರ ಸಾಕ್ಷರರು. ಉಳಿದ 40 ಮಂದಿಗೆ ಟಿವಿಯ ಮೆನು ಇಂಗ್ಲಿಷಿನಲ್ಲಿದ್ದರೂ ಒಂದೇ, ಕನ್ನಡದಲ್ಲಿದ್ದರೂ ಒಂದೇ. ಹಳೇ ಡಬ್ಬಾ ಟಿವಿಯಲ್ಲಿ ಅಜ್ಜಿ ಲೆಕ್ಕ ಇಟ್ಟುಕೊಂಡಿದ್ದಳು: ಮೇಲಿನ ಗುಂಡಿ ಮೂರು ಸಲ ಒತ್ತಿದರೆ ಧಾರಾವಾಹಿ, ಐದು ಸಲ ಒತ್ತಿದರೆ ವಾರ್ತೆ. ಸ್ಮಾರ್ಟ್ ಟಿವಿ ಬಂದ ದಿನ ಆ ಲೆಕ್ಕ ಸತ್ತುಹೋಯಿತು. ಈಗ ಟಿವಿ ಹಾಕಬೇಕೆಂದರೆ ಮೊಮ್ಮಗ ಶಾಲೆಯಿಂದ ಬರಬೇಕು. ಸ್ವಂತ ಮನೆಯಲ್ಲಿ ಟಿವಿ ಹಾಕಲು ಇನ್ನೊಬ್ಬರ ದಾರಿ ಕಾಯುವ ಸ್ಥಿತಿಗೆ ಅಜ್ಜಿಯನ್ನು ತಂದಿಟ್ಟ ಯಂತ್ರಕ್ಕೆ ಸ್ಮಾರ್ಟ್ ಎಂದು ಹೆಸರು!

ಆ ಮೈಕ್ ಗುಂಡಿ ಕನ್ನಡ ಅರ್ಥ ಮಾಡಿಕೊಂಡರೆ ಈ ಕಷ್ಟವೇ ಇಲ್ಲ. ಬಾಯಿ ಇದ್ದರೆ ಸಾಕು. ಅಕ್ಷರ ಬಾರದವರಿಗೆ ಮಾತೇ ಅಕ್ಷರ.

ಹಾಗಿದ್ದರೆ ಕನ್ನಡ ಅರ್ಥ ಮಾಡಿಕೊಳ್ಳುವುದು ಯಂತ್ರಕ್ಕೆ ಆಗದ ಕೆಲಸವೇ? ಖಂಡಿತ ಅಲ್ಲ. ಗೂಗಲ್ 2017ರಲ್ಲೇ ಫೋನಿನಲ್ಲಿ ಕನ್ನಡ ಮಾತು ಕೇಳಿ ಅಕ್ಷರ ಮಾಡುವುದನ್ನು ಕೊಟ್ಟಿತು. ಆಮೇಲೆ ಅದರ ಅಸಿಸ್ಟೆಂಟ್ ಫೋನಿನಲ್ಲಿ ಕನ್ನಡ ಮಾತಾಡತೊಡಗಿತು. ಅಮೆಜಾನ್‌ನ ಅಲೆಕ್ಸಾ ಭಾರತದಲ್ಲಿ ಮೊದಲು ಇಂಗ್ಲಿಷ್ ಮಾತ್ರ ಬಲ್ಲದಾಗಿತ್ತು, 2019ರಲ್ಲಿ ಹಿಂದಿ ಕಲಿಯಿತು. ಮನಸ್ಸಿದ್ದರೆ ಕಲಿಸಬಹುದು ಎಂದಾಯಿತು. 2011ರ ಜನಗಣತಿಯಲ್ಲೇ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಇಷ್ಟು ಜನರ ದುಡ್ಡು ಬೇಕು, ಮಾತು ಬೇಡ ಎಂದರೆ ಹೇಗೆ?

ತಾಲ್ಲೂಕು ಕೇಂದ್ರದ ಅಂಗಡಿಯೊಂದಕ್ಕೆ ನಮ್ಮ ತಂಡದ ಒಬ್ಬಳು ತನ್ನ ಅಜ್ಜಿಯನ್ನೇ ಕರೆದುಕೊಂಡು ಹೋಗಿದ್ದಳು. ಅಂಗಡಿ, ಕಂಪನಿಯ ಹೆಸರು ಇಲ್ಲಿ ಬೇಡ. "ಕನ್ನಡ ಬರುತ್ತಾ ಅಣ್ಣಾ?" ಎಂದರೆ "ಎಲ್ಲ ಭಾಷೆ ಬರುತ್ತೆ ಮೇಡಂ" ಎಂದ ಹುಡುಗ. ಅಜ್ಜಿ ರಿಮೋಟ್ ಹಿಡಿದು "ಚಂದನ ಹಾಕಪ್ಪಾ" ಎಂದಳು. ಟಿವಿ ಗಂಧದ ಫೇಸ್‌ಪ್ಯಾಕ್ ಹಚ್ಚಿಕೊಳ್ಳುವ ವಿಡಿಯೊಗಳನ್ನು ಸಾಲಾಗಿ ತೋರಿಸಿತು. "ಸೌಂಡು ಕಮ್ಮಿ ಮಾಡು" ಎಂದಳು. ಅದಕ್ಕೂ ವಿಡಿಯೊ ಹುಡುಕತೊಡಗಿತು. ಹುಡುಗ ನಗುತ್ತಾ "ಅಜ್ಜಿ, ಇಂಗ್ಲಿಷಲ್ಲಿ ಹೇಳ್ಬೇಕು" ಎಂದ. ಅಜ್ಜಿ ರಿಮೋಟನ್ನು ಅವನ ಕೈಗೇ ಕೊಟ್ಟು, "ನನಗೆ ಬಂದಿದ್ರೆ ಇದ್ಯಾಕಪ್ಪಾ ಬೇಕಿತ್ತು?" ಎಂದಳು. ಟಿವಿ ಕಂಪನಿಗಳನ್ನು ಕೇಳಬೇಕಾದ ಪ್ರಶ್ನೆ ಅದೇ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಯೂಟ್ಯೂಬಿನೊಳಗೆ ಕನ್ನಡದಲ್ಲಿ ಹೇಳಿ ಹಾಡು ಹುಡುಕುವುದು ಬೇರೆ. ಚಾನೆಲ್ ಬದಲಿಸು, ಸೌಂಡು ಇಳಿಸು, ಆಫ್ ಆಗು ಎಂದು ಟಿವಿಗೇ ಅಪ್ಪಣೆ ಕೊಡುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎಂದು ನಂಬಿಸುತ್ತಾರೆ. ಅಂಗಡಿಯಲ್ಲಿ ಎರಡನ್ನೂ ಪರೀಕ್ಷಿಸಿ. ನಿಮ್ಮ ಮನೆಯ ಮಾತಿನಲ್ಲೇ ಪರೀಕ್ಷಿಸಿ. ಧಾರವಾಡದ ಮಾತಿರಲಿ, ಮಂಡ್ಯದ ಮಾತಿರಲಿ, ಕಲಬುರಗಿಯ ಮಾತಿರಲಿ, ಪುಸ್ತಕದ ಕನ್ನಡಕ್ಕೆ ನಾಲಿಗೆ ತಿರುಗಿಸಬೇಡಿ.

ಇನ್ನೊಂದು ಮಾತು. ಆ ಗುಂಡಿ ಒತ್ತಿ ಆಡಿದ ಮಾತು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿ ಅರ್ಥವಾಗಿ ವಾಪಸ್ ಬರಬೇಕು. ನೆಟ್ ಇಲ್ಲದಿದ್ದರೆ ಗುಂಡಿ ಬರೀ ಗುಂಡಿ.

ಮೊದಲು ಲೈನು, ಆಮೇಲೆ ಟಿವಿ

ನೆಟ್ ವಿಷಯಕ್ಕೆ ಬರೋಣ. "ಮೊಬೈಲ್ ಹಾಟ್‌ಸ್ಪಾಟ್ ಕೊಟ್ರೆ ಆಯ್ತು" ಎಂಬುದು ಅಂಗಡಿಯವರ ಮಾಮೂಲಿ ಮಾತು. ಲೆಕ್ಕ ಹಾಕಿ ನೋಡಿ. ಎಚ್‌ಡಿ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ 3 ಜಿಬಿವರೆಗೆ ಡೇಟಾ ಬೇಕೆಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. 4ಕೆ ಆದರೆ ಗಂಟೆಗೆ 7 ಜಿಬಿ. ಬೇರೆ ಆ್ಯಪ್‌ಗಳಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ನಿಮ್ಮ ಫೋನಿನ ಪ್ಯಾಕ್ ದಿನಕ್ಕೆ 1.5 ಜಿಬಿಯದಾದರೆ ಅರ್ಧ ಗಂಟೆಗೆ ಅದು ಖಾಲಿ. ಕ್ರಿಕೆಟ್ ಹಾಕಿದರೆ ಪವರ್‌ಪ್ಲೇ ಮುಗಿಯುವಷ್ಟರಲ್ಲಿ ಚಕ್ರ ಸುತ್ತತೊಡಗುತ್ತದೆ. ಮಗಳ ಆನ್‌ಲೈನ್ ಪಾಠಕ್ಕೂ, ನಿಮ್ಮ ಫೋನ್‌ಪೇಗೂ ಅವತ್ತು ನೆಟ್ ಇಲ್ಲ.

ಆದ್ದರಿಂದ ಟಿವಿ ನೋಡಲು ಹೋಗುವ ಮುಂಚೆ ಊರಿಗೆ ಫೈಬರ್ ಲೈನು ಬಂದಿದೆಯೇ ಕೇಳಿ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರು ಮಾಡಿತು. ಪಂಚಾಯಿತಿ ಕಚೇರಿಗೆ ಬಂದ ಲೈನು ನಿಮ್ಮ ಬೀದಿಗೆ ಬಂದಿದೆಯೇ? ತಿಂಗಳ ಬಾಡಿಗೆ ಎಷ್ಟು? ಮಳೆಗೆ ಕಂಬ ಬಿದ್ದರೆ ಎಷ್ಟು ದಿನಕ್ಕೆ ಸರಿಯಾಗುತ್ತದೆ? ಈಗಾಗಲೇ ಹಾಕಿಸಿಕೊಂಡ ನೆರೆಮನೆಯವರನ್ನು ಕೇಳಿ. ಲೈನಿಲ್ಲದ ಊರಲ್ಲಿ ಸ್ಮಾರ್ಟ್ ಟಿವಿ ಎಂದರೆ ನೀರಿಲ್ಲದ ಬಾವಿಗೆ ಪಂಪ್‌ಸೆಟ್ ಕೂರಿಸಿದ ಹಾಗೆ.

ಆಕಾಶದಿಂದ ಬರುವುದನ್ನು ಮುಚ್ಚಿಡುವುದೇಕೆ?

ನೆಟ್ ಇಲ್ಲದೆ, ತಿಂಗಳ ರೀಚಾರ್ಜ್ ಇಲ್ಲದೆ ಟಿವಿ ನೋಡುವ ದಾರಿಯೊಂದು 2004ರ ಡಿಸೆಂಬರ್‌ನಿಂದ ಇದೆ. ಆಗ ಡಿಡಿ ಡೈರೆಕ್ಟ್ ಪ್ಲಸ್ ಎನ್ನುತ್ತಿದ್ದರು, ಈಗ ಡಿಡಿ ಫ್ರೀ ಡಿಶ್. ಬುಟ್ಟಿ, ಬಾಕ್ಸ್ ಎರಡಕ್ಕೂ ಸೇರಿ ಒಂದೇ ಸಲ ಸುಮಾರು 2 ಸಾವಿರ ಖರ್ಚು ಮಾಡಿದರೆ ಮುಗಿಯಿತು. ಚಂದನ ಬರುತ್ತದೆ. ಮಕ್ಕಳ ಪಾಠದ ಪಿಎಂ ಇ-ವಿದ್ಯಾ ಚಾನೆಲ್‌ಗಳು ಬರುತ್ತವೆ. ಅಲ್ಲಿ ಹಿಂದಿ ಹೆಚ್ಚು, ಕನ್ನಡ ಕಡಿಮೆ ಎಂಬುದು ನಮ್ಮ ಹಳೆಯ ತಕರಾರು; ಅದನ್ನು ಕೈಬಿಟ್ಟಿಲ್ಲ. ಆದರೂ ನೆಟ್ ಸತ್ತ ದಿನ ಮನೆಯಲ್ಲಿ ವಾರ್ತೆಯಾದರೂ ಕೇಳುತ್ತದೆ.

ಈಗ ನೋಡಿ. ಬೇರೆ ಬಾಕ್ಸ್ ಇಲ್ಲದೆ, ಬುಟ್ಟಿಯ ಕೇಬಲನ್ನು ನೇರ ಟಿವಿಗೇ ಸಿಕ್ಕಿಸಿ ಉಚಿತ ಚಾನೆಲ್ ನೋಡುವಂತೆ ಟಿವಿಯೊಳಗೇ ಸ್ಯಾಟಲೈಟ್ ಟ್ಯೂನರ್ ಇಡುವ ಬಗ್ಗೆ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, ಒಂದು ಮಾನದಂಡವನ್ನೇ ತಂದಿದೆ. ಅದರ ಸಂಖ್ಯೆ ಐಎಸ್ 18112:2022. ಒಂದು ಬಾಕ್ಸ್, ಒಂದು ರಿಮೋಟ್, ಒಂದು ಪ್ಲಗ್ ಕಡಿಮೆ. ಹಳ್ಳಿ ಮನೆಗೆ ಇದಕ್ಕಿಂತ ಬೇಕಾದ ಸೌಲಭ್ಯ ಯಾವುದಿದೆ? ಆದರೆ ಎಷ್ಟು ಜಾಹೀರಾತಿನಲ್ಲಿ ಇದರ ಮಾತು ಕೇಳಿದ್ದೀರಿ? ಹತ್ತು ಸ್ಟ್ರೀಮಿಂಗ್ ಆ್ಯಪ್‌ಗಳ ಚಿತ್ರ ಡಬ್ಬಿಯ ಮೇಲೆ ಮಿರಮಿರ ಮಿಂಚುತ್ತದೆ, ಟ್ಯೂನರ್ ಇದೆಯೋ ಇಲ್ಲವೋ ಎಂಬುದು ಎಲ್ಲೋ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ಆ್ಯಪ್ ಎಂದರೆ ಚಂದಾ, ಜಾಹೀರಾತು, ವ್ಯವಹಾರ. ಉಚಿತ ಚಾನೆಲ್‌ನಲ್ಲಿ ಟಿವಿ ಕಂಪನಿಗೆ ಹುಟ್ಟುವುದೇನೂ ಇಲ್ಲ. ಕೆಲವು ಟಿವಿಗಳಲ್ಲಿ ಟ್ಯೂನರ್ ಈಗಾಗಲೇ ಇದೆ. ವಿವರಪಟ್ಟಿಯಲ್ಲಿ 'ಡಿವಿಬಿ-ಎಸ್2' ಎಂದು ಬರೆದಿದೆಯೇ ನೋಡಿ.

ಪರದೆ ಹತ್ತು ವರ್ಷ, ಬುದ್ಧಿ ಮೂರು ವರ್ಷ

ಒಳ್ಳೆಯ ಪರದೆ ಹತ್ತು ವರ್ಷ ಬಾಳಬಹುದು. ಅದರೊಳಗಿನ ಸಾಫ್ಟ್‌ವೇರ್ ಅಷ್ಟು ಬಾಳುವುದಿಲ್ಲ. ಕಡಿಮೆ ಬೆಲೆಯ ಟಿವಿಗಳಲ್ಲಿ ಸಾಮಾನ್ಯವಾಗಿ ಇರುವುದು 1 ಜಿಬಿ ರ್‍ಯಾಮ್, 8 ಜಿಬಿ ಸಂಗ್ರಹ. ಆ್ಯಪ್‌ಗಳು ವರ್ಷ ವರ್ಷ ದಪ್ಪವಾಗುತ್ತಾ ಹೋಗುತ್ತವೆ, ಟಿವಿ ಅಷ್ಟೇ ಇರುತ್ತದೆ. ಎರಡು ಮೂರು ವರ್ಷಕ್ಕೆ ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಆ್ಯಪ್ ತೆರೆದಿರುವುದಿಲ್ಲ. ಕೊನೆಗೊಂದು ದಿನ "ಈ ಸಾಧನದಲ್ಲಿ ಕೆಲಸ ಮಾಡುವುದಿಲ್ಲ" ಎಂಬ ಸಾಲು. ದೊಡ್ಡ ಕಂಪನಿಗಳ ಟಿವಿಗೂ ಇದು ತಪ್ಪಿಲ್ಲ. 2010, 2011ರ ಕೆಲವು ಸ್ಯಾಮ್ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಪರದೆ ಗಟ್ಟಿಯಾಗಿತ್ತು, ಆ್ಯಪ್ ಸತ್ತಿತ್ತು.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನಿದೆ. ಇಂಟರ್‌ನೆಟ್‌ಗೆ ಜೋಡಿಸುವ ಸಾಧನ ಮಾರುವವರು ಅದಕ್ಕೆ ಎಲ್ಲಿಯವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಬೇಕು. ಸ್ಮಾರ್ಟ್ ಟಿವಿಯೂ ಅದರಲ್ಲಿ ಬರುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ತಾರೀಕು ಹುಡುಕುವ ನಾವು 15 ಸಾವಿರದ ಟಿವಿಯ ಮೇಲೆ ಅದನ್ನು ಕೇಳಿದರೆ ತಪ್ಪೇನು?

ಅದಕ್ಕೇ ನಮ್ಮ ಸಲಹೆ: ದುಡ್ಡನ್ನು ಪರದೆಗೆ ಹಾಕಿ, ಬುದ್ಧಿಗೆ ಹಾಕಬೇಡಿ. ಎಚ್‌ಡಿಎಂಐ ತೂತು ಕನಿಷ್ಠ ಎರಡಿರಲಿ. ಮುಂದೆ ಟಿವಿಯ ಬುದ್ಧಿ ಮಂಕಾದಾಗ ಕೆಲವು ಸಾವಿರಕ್ಕೆ ಸ್ಟ್ರೀಮಿಂಗ್ ಕಡ್ಡಿಯೊಂದನ್ನು ಸಿಕ್ಕಿಸಿದರೆ ಅದೇ ಪರದೆ ಮತ್ತೆ ನಾಲ್ಕು ವರ್ಷ ನಡೆಯುತ್ತದೆ. ನೊಗ ಮುರಿದರೆ ನೊಗ ಬದಲಿಸುತ್ತೇವೆಯೇ ಹೊರತು ಎತ್ತು ಮಾರುವುದಿಲ್ಲ.

ಪರದೆ ಕೊಳ್ಳುವಾಗ ಮಾತಿನ ಮೋಡಿಗೆ ಬೀಳಬೇಡಿ. ಎಚ್‌ಡಿ ರೆಡಿ ಎಂದರೆ 1366×768 ಚುಕ್ಕಿ. ಫುಲ್ ಎಚ್‌ಡಿ ಎಂದರೆ 1920×1080. 4ಕೆ ಎಂದರೆ 3840×2160. ಕಡಿಮೆ ಬೆಲೆಯ 32 ಇಂಚಿನ ಟಿವಿಗಳಲ್ಲಿ ಹೆಚ್ಚಿನವು ಎಚ್‌ಡಿ ರೆಡಿ. '4ಕೆ ಸಪೋರ್ಟ್' ಎಂದರೆ 4ಕೆ ಪರದೆ ಎಂದರ್ಥವಲ್ಲ, 4ಕೆ ವಿಡಿಯೊ ಕೊಟ್ಟರೆ ಇಳಿಸಿ ತೋರಿಸುತ್ತದೆ ಎಂದಷ್ಟೇ. "ಪರದೆಯ ಚುಕ್ಕಿ ಎಷ್ಟು?" ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. 43 ಇಂಚು ನೋಡುವವರು ಹಳೆಯ ಬೆಲೆ ಕೇಳಿಸಿಕೊಂಡು ಬರಬೇಡಿ. 32 ಇಂಚಿಗೆ ಮೊದಲೇ 18 ಇತ್ತು, ಅದಕ್ಕೆ 'ಜಿಎಸ್‌ಟಿ ಆಫರ್' ಎಂದರೆ ನಂಬಬೇಡಿ.

ಅಗ್ಗದ ಆಸೆಗೆ ಬಾಗಿಲು ತೆರೆದಿಡಬೇಡಿ

ಸಂತೆಯಲ್ಲಿ, ಲಾರಿಯಲ್ಲಿ ತಂದು ಅರ್ಧ ಬೆಲೆಗೆ ಮಾರುವ 'ಆಂಡ್ರಾಯ್ಡ್' ಟಿವಿ, ಬಾಕ್ಸ್‌ಗಳಿವೆ. ಅವುಗಳಲ್ಲಿ ಎಷ್ಟೋ ಗೂಗಲ್‌ನ ಪ್ರಮಾಣೀಕರಣ ಇಲ್ಲದವು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಎಂಬ ಕಳ್ಳ ಜಾಲದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಜಗತ್ತಿನಾದ್ಯಂತ ಪ್ರಮಾಣೀಕರಣವಿಲ್ಲದ 1 ಕೋಟಿಗೂ ಹೆಚ್ಚು ಸಾಧನಗಳು ಅದರ ಹಿಡಿತಕ್ಕೆ ಸಿಕ್ಕಿದ್ದವೆಂದು ಗೂಗಲ್ ಹೇಳಿತು. ಇಂಥ ಸಾಧನ ನಿಮ್ಮ ಮನೆಯ ನೆಟ್ ಬಳಸಿ ಎಲ್ಲೋ ಯಾರಿಗೋ ಮೋಸ ಮಾಡಬಹುದು. ಟಿವಿಯ ಹಿಂಬದಿಯಲ್ಲಿ ಬಿಐಎಸ್ ಗುರುತಿನ ಜೊತೆ 'ಆರ್-' ಎಂದು ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ.

ಹೆಸರುವಾಸಿ ಕಂಪನಿಗಳೂ ಸಾಚಾ ಎನ್ನುತ್ತಿಲ್ಲ. ಮನೆಯವರು ಏನು ನೋಡುತ್ತಾರೆಂದು ಕೇಳದೆ ದಾಖಲಿಸಿ ಮಾರಿದ್ದಕ್ಕೆ ಅಮೆರಿಕದಲ್ಲಿ ವಿಝಿಯೊ ಎಂಬ ಟಿವಿ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು. ಟಿವಿ ಮೊದಲ ಸಲ ಆನ್ ಮಾಡಿದಾಗ ಎಲ್ಲದಕ್ಕೂ 'ಓಕೆ' ಒತ್ತುವ ಅಂಗಡಿ ಹುಡುಗನ ಕೈಯಿಂದ ರಿಮೋಟ್ ತೆಗೆದುಕೊಳ್ಳಿ. ಓದಬಲ್ಲ ಮಗಳನ್ನೋ ಮಗನನ್ನೋ ಕೂರಿಸಿ ಒಂದೊಂದೇ ಓದಿಸಿ. ಬೇಡದ್ದಕ್ಕೆ ಬೇಡ ಎನ್ನಿ.

ಕೆಟ್ಟರೆ ಯಾರು ಬರುತ್ತಾರೆ?

ಹಳ್ಳಿಯವರು ಕೇಳಲೇಬೇಕಾದದ್ದು, ಆದರೆ ಕೇಳದೇ ಬಿಡುವುದು ಇದನ್ನೇ. "ನಮ್ಮ ಪಿನ್‌ಕೋಡಿಗೆ ಮನೆಗೆ ಬಂದು ರಿಪೇರಿ ಮಾಡ್ತಾರಾ?" ಆನ್‌ಲೈನ್‌ನಲ್ಲಿ 500 ರೂಪಾಯಿ ಉಳಿಸಿ, ಆಮೇಲೆ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊತ್ತವರನ್ನು ನಾವು ಕಂಡಿದ್ದೇವೆ. ಪ್ಯಾನೆಲ್ಲಿಗೆ ವಾರಂಟಿ ಎಷ್ಟು ವರ್ಷ, ರಿಮೋಟಿಗೆ ಎಷ್ಟು ಎಂದು ಬೇರೆ ಬೇರೆ ಕೇಳಿ. ಜಿಎಸ್‌ಟಿ ಬಿಲ್ಲಿಲ್ಲದೆ ಅಂಗಡಿ ಬಿಟ್ಟು ಕದಲಬೇಡಿ. 'ಜೀರೊ ಬಡ್ಡಿ' ಕಂತಿನಲ್ಲಿ ಸಂಸ್ಕರಣಾ ಶುಲ್ಕ ಎಷ್ಟು, ನಗದಿಗೆ ಕೊಟ್ಟರೆ ಬೆಲೆ ಎಷ್ಟು ಕೇಳಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ.

ಮೋಸ ಆದರೆ ಹಣೆಬರಹ ಎಂದು ಸುಮ್ಮನಾಗಬೇಡಿ. 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಡಬ್ಬಿಯ ಮೇಲೆ "ಕನ್ನಡ ವಾಯ್ಸ್" ಎಂದು ಬರೆದು, ಮನೆಯಲ್ಲಿ ಅದು ಕನ್ನಡ ಕೇಳದಿದ್ದರೆ ಅದೂ ದೂರು ಕೊಡುವಂಥ ವಿಷಯವೇ. ಡಬ್ಬಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಹಳ್ಳಿಯವರು ಕೊಳ್ಳಲೇಬಾರದೇ?

"ಹಳ್ಳಿಯೋರಿಗೆ ಇಷ್ಟೆಲ್ಲ ಯಾಕೆ, ಚಿತ್ರ ಬಂದ್ರೆ ಸಾಲದಾ?" ಎಂದು ಕೆಲವರು ಕೇಳುತ್ತಾರೆ. ಸಾಲದು. ಪೇಟೆಯವರು ಕೊಡುವ ನೋಟೇ ನಾವೂ ಕೊಡುವುದು. "ಫೋನಿದೆಯಲ್ಲ, ಟಿವಿ ಯಾಕೆ?" ಎನ್ನುವವರೂ ಇದ್ದಾರೆ. ಫೋನು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಕೂರಿಸುತ್ತದೆ. ಟಿವಿ ಎದುರು ಇಡೀ ಮನೆ ಕೂರುತ್ತದೆ, ಅಕ್ಕಪಕ್ಕದವರೂ ಬರುತ್ತಾರೆ. ಯಕ್ಷಗಾನ, ದೊಡ್ಡಾಟ, ವಚನ, ಹಳೇ ರಾಜ್‌ಕುಮಾರ್ ಸಿನಿಮಾ ಬೇಕೆಂದ ಹೊತ್ತಿಗೆ ಸಿಗುವುದು ಸಣ್ಣ ಮಾತಲ್ಲ. ಕೊಳ್ಳಿ. ಆದರೆ ನಮ್ಮ ಷರತ್ತಿನ ಮೇಲೆ ಕೊಳ್ಳಿ.

ಷರತ್ತು ನಾಲ್ಕೇ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ, ಕನ್ನಡದಲ್ಲಿ ಬರೆದಿರಬೇಕು: ಈ ಟಿವಿ ಕನ್ನಡದಲ್ಲಿ ಹೇಳಿದ ಅಪ್ಪಣೆ ಕೇಳುತ್ತದೆಯೋ ಇಲ್ಲವೋ, ಅಪ್‌ಡೇಟ್ ಯಾವ ವರ್ಷದವರೆಗೆ, ಸ್ಯಾಟಲೈಟ್ ಟ್ಯೂನರ್ ಇದೆಯೋ ಇಲ್ಲವೋ, ಮನೆಗೆ ಬಂದು ರಿಪೇರಿ ಮಾಡುತ್ತಾರೋ ಇಲ್ಲವೋ. ಕಂಪನಿಗಳು ತಾವಾಗಿ ಬರೆಯುವುದಿಲ್ಲ. ಸರ್ಕಾರ ಬರೆಸಬೇಕು. ಅಲ್ಲಿಯವರೆಗೆ ಪ್ರತಿ ಅಂಗಡಿಯಲ್ಲೂ ನಾವು ಈ ನಾಲ್ಕನ್ನೇ ಕೇಳುತ್ತಿರಬೇಕು. ಒಬ್ಬರು ಕೇಳಿದರೆ ಹುಡುಗ ನಗುತ್ತಾನೆ. ಹತ್ತು ಜನ ಕೇಳಿದರೆ ಮಾಲೀಕನಿಗೆ ಹೇಳುತ್ತಾನೆ. ತಾಲ್ಲೂಕಿನ ಎಲ್ಲ ಅಂಗಡಿಗಳಲ್ಲೂ ನೂರು ಜನ ಕೇಳಿದರೆ ಡೀಲರ್ ಕಂಪನಿಗೆ ಫೋನ್ ಮಾಡಲೇಬೇಕು.

ಈ ಸಲ ಟಿವಿ ನೋಡಲು ಹೊರಟಾಗ ಮನೆಯಲ್ಲಿ ಓದಲು ಬಾರದ ಹಿರಿಯರು ಯಾರಿದ್ದಾರೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ರಿಮೋಟ್ ಅವರ ಕೈಗೆ ಕೊಡಿಸಿ. ಅವರ ಮಾತು ಕೇಳಿದ ಟಿವಿಗೆ ದುಡ್ಡು ಕೊಡಿ. ಕೇಳದ ಟಿವಿಯಲ್ಲಿ ಮೈಕ್ ಗುಂಡಿಗೆಂದು ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.